ಆಫೀಸ್ ರಾಕ್ ಬ್ಯಾಂಡ್: ಹತ್ತು ವಾರ, ಐದು ಹಾಡು, ಇಪ್ಪತ್ತೈದು ನಿಮಿಷ

ಬೆಂಗಳೂರಿನ ಅರಮನೆ ಮೈದಾನಕ್ಕೆ 2007ರ ಮಾರ್ಚ್‌ನಲ್ಲಿ ಐರನ್ ಮೇಡನ್, 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಬಂದಾಗ ಗಂಟಲು ಹರಿದುಕೊಂಡು ಕೂಗಿದ ಹುಡುಗ ಹುಡುಗಿಯರು ಈಗ ಟೆಕ್ ಪಾರ್ಕ್‌ಗಳಲ್ಲಿ ಟೀಮ್ ಲೀಡ್, ಮ್ಯಾನೇಜರ್ ಆಗಿ ಕೂತಿದ್ದಾರೆ. ಅವರ ಮನೆಯ ಅಟ್ಟದ ಮೇಲೋ ಮಂಚದಡಿಯೋ ಧೂಳು ಹಿಡಿದ ಗಿಟಾರ್ ಒಂದು ಇದ್ದೇ ಇರುತ್ತದೆ. ಸ್ವಲ್ಪ ದೊಡ್ಡ ಆಫೀಸಿನಲ್ಲಿ ವಿಚಾರಿಸಿದರೆ ನುಡಿಸಬಲ್ಲ ಐದು ಜನ ಸಿಗುವುದು ಕಷ್ಟವಲ್ಲ. ಆ ಐವರು ಬ್ಯಾಂಡ್ ಆಗುವುದು ಕಷ್ಟ. ತಮ್ಮ ತಮ್ಮ ಭಾಗ ಎಲ್ಲರಿಗೂ ಬರುತ್ತದೆ, ಆದರೂ ಹಾಡು ಕೀಲುಗಳಲ್ಲಿ ಕಳಚಿಕೊಳ್ಳುತ್ತದೆ. ಯಾರು ಶುರು ಮಾಡಬೇಕು, ಕೋರಸ್‌ಗೆ (ತಿರುಗಿ ತಿರುಗಿ ಬರುವ ಪಲ್ಲವಿಗೆ) ಯಾವಾಗ ಹೊರಳಬೇಕು, ಎಲ್ಲಿ ನಿಲ್ಲಿಸಬೇಕು ಅನ್ನುವಲ್ಲಿ. ಆಫೀಸಿಗೂ ಬ್ಯಾಂಡಿಗೂ ನಡುವಿನ ಕೀಲುಗಳದ್ದು ಇನ್ನೊಂದು ಕಥೆ: ರಿಲೀಸ್ ವಾರ, ಗೇಟ್ ಪಾಸ್, ಬಿಲ್ಲು. ವಾರ್ಷಿಕೋತ್ಸವಕ್ಕೋ ರಾಜ್ಯೋತ್ಸವಕ್ಕೋ 25 ನಿಮಿಷದ ಸ್ಲಾಟ್ ಸಿಕ್ಕಿದೆ, ಕೈಯಲ್ಲಿ ಹತ್ತು ವಾರ ಇದೆ ಅಂದುಕೊಂಡು ಇದನ್ನು ಓದಿ.

ಜನ ಸೇರಿಸುವುದು

ಮೊದಲು ಡ್ರಮ್ಮರ್ ಹುಡುಕಿ. ಗಿಟಾರಿನವರು ಕರೆಯದೆಯೇ ನಾಲ್ಕು ಜನ ಬರುತ್ತಾರೆ, ಡ್ರಮ್ ಬಾರಿಸುವವರು ಇಡೀ ಆಫೀಸಿಗೆ ಒಬ್ಬರು ಸಿಕ್ಕರೆ ಪುಣ್ಯ. ಅವರ ಬಿಡುವು ಯಾವಾಗಲೋ ಉಳಿದವರ ಅಭ್ಯಾಸವೂ ಆಗಲೇ. ಐದು ಜನ ಸರಿಯಾದ ಲೆಕ್ಕ: ಡ್ರಮ್, ಬೇಸ್, ಒಂದು ಗಿಟಾರ್, ಇನ್ನೊಂದು ಗಿಟಾರ್ ಅಥವಾ ಕೀಬೋರ್ಡ್, ಒಬ್ಬ ಗಾಯಕರು. ಆರನೆಯವರಾಗಿ ಇನ್ನೊಬ್ಬ ಗಾಯಕರು ಇರಬಹುದು. ಏಳಾದರೆ ಎಲ್ಲರಿಗೂ ಒಗ್ಗುವ ಎರಡು ಗಂಟೆಯ ಸಮಯ ಹುಡುಕುವುದರಲ್ಲೇ ಹತ್ತು ವಾರ ಕಳೆದುಹೋಗುತ್ತದೆ.

ಬೇಸ್‌ಗೆ ಯಾರೂ ಸಿಗದಿದ್ದರೆ ಗಿಟಾರಿನವರಲ್ಲಿ ತಾಳ ಗಟ್ಟಿ ಇರುವವರನ್ನು ಒಪ್ಪಿಸಿ. ಬೇಸ್‌ನ ನಾಲ್ಕು ತಂತಿಗಳು ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಹೆಸರಿನವೇ: ಇ, ಎ, ಡಿ, ಜಿ. ಒಂದು ಸ್ಥಾಯಿ ಕೆಳಗೆ, ಅಷ್ಟೇ. ಪ್ರತಿ ಕಾರ್ಡ್‌ನ (ಒಟ್ಟಿಗೆ ನುಡಿಸುವ ಸ್ವರಗಳ ಗೊಂಚಲಿನ) ಮೂಲ ಸ್ವರವನ್ನು ಡ್ರಮ್ಮರ್‌ನ ಕಾಲಿನ ಡ್ರಮ್‌ಗೆ, ಅಂದರೆ ಕಿಕ್‌ಗೆ, ಸರಿಯಾಗಿ ಕೂರಿಸುವುದನ್ನು ಒಂದೂವರೆ ತಿಂಗಳಲ್ಲಿ ಕಲಿಯಬಹುದು. ಬೆರಳು ಬೊಬ್ಬೆ ಬರುತ್ತದೆ, ಹೆದರಬೇಕಿಲ್ಲ. ಕೀಬೋರ್ಡ್‌ನವರಿಗೆ ಮೊದಲ ದಿನವೇ ಒಂದು ಮಾತು ಹೇಳಿಬಿಡಿ: ಎಡಗೈ ಆದಷ್ಟು ಸುಮ್ಮನಿರಲಿ. ಒಬ್ಬರೇ ಕೂತು ನುಡಿಸಿ ರೂಢಿಯಾದವರು ಎಡಗೈಯಲ್ಲಿ ಮಂದ್ರ ಸ್ವರ ಒತ್ತುತ್ತಾರೆ. ಅದು ಬೇಸ್ ಗಿಟಾರಿನ ಜಾಗ. ಎರಡೂ ಸೇರಿದರೆ ಕೇಳುವವರಿಗೆ ಬರೀ ಗೊಂಯ್ ಅನ್ನುವ ಸದ್ದು.

ಆಫೀಸ್ ಬ್ಯಾಂಡಿಗೇ ಅಂಟಿದ ಒಂದು ರೋಗ ಇದೆ. ಲೀಡ್ ಗಿಟಾರ್ ನುಡಿಸುವವರು ಡೈರೆಕ್ಟರ್, ಡ್ರಮ್ಮರ್ ನಿನ್ನೆ ಸೇರಿದ ಫ್ರೆಶರ್. ಡೈರೆಕ್ಟರ್ ತಮ್ಮ ಆಂಪ್ (ಗಿಟಾರಿನ ಸದ್ದು ಹೆಚ್ಚಿಸುವ ಡಬ್ಬಿ) ಜೋರಾಗಿಟ್ಟರೆ "ಸರ್, ಸ್ವಲ್ಪ ಕಮ್ಮಿ ಮಾಡ್ತೀರಾ" ಅನ್ನುವವರು ಯಾರು? ಅದಕ್ಕೆ ಎರಡು ಕಟ್ಟಳೆ ಮೊದಲ ಭೇಟಿಯಲ್ಲೇ ಮಾಡಿಕೊಳ್ಳಿ. ಒಂದು, ಪ್ರತಿ ಹಾಡಿಗೂ ಒಬ್ಬರು ಯಜಮಾನರು. ಆ ಹಾಡಿನ ನಕ್ಷೆ (ಯಾವ ಭಾಗ ಎಷ್ಟು ಸಲ ಅನ್ನುವ ಒಂದು ಪುಟ) ಬರೆದವರೇ ಆ ಹಾಡಿನ ವಿಷಯದಲ್ಲಿ ಕೊನೆಯ ಮಾತು ಹೇಳುತ್ತಾರೆ, ಅವರ ಹುದ್ದೆ ಏನೇ ಇರಲಿ. ಎರಡು, ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸದಿದ್ದರೆ ಕೈ ಎತ್ತುತ್ತಾರೆ, ಎತ್ತಿದ ಕೂಡಲೇ ಎಲ್ಲರೂ ತಗ್ಗಿಸಬೇಕು. ಮಾತೇ ಬೇಡ.

ಕ್ಯಾಲೆಂಡರ್ ಮತ್ತು ದುಡ್ಡು

ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸಿ. ವಾರಕ್ಕೆ ಒಂದು ಸಲ ಎರಡು ಗಂಟೆ. ಹತ್ತು ವಾರದಲ್ಲಿ ಎರಡು ಸಲ ತಪ್ಪುವುದು ಖಚಿತ, ಹಾಗಾಗಿ ಎಂಟೇ ಅಭ್ಯಾಸ ಅಂತ ಲೆಕ್ಕ ಹಾಕಿ. ರಿಲೀಸ್ ದಿನ, ಆನ್‌ಕಾಲ್ ಪಾಳಿ, ಅಕೌಂಟ್ಸ್‌ನವರಿದ್ದರೆ ತಿಂಗಳ ಕೊನೆ, ಅಪ್ರೈಸಲ್ ವಾರ, ಇವೆಲ್ಲವನ್ನೂ ಮೊದಲೇ ಗುರುತು ಹಾಕಿಕೊಂಡು ಉಳಿದ ದಿನಗಳಿಗೆ ಕ್ಯಾಲೆಂಡರ್ ಇನ್ವೈಟ್ ಕಳಿಸಿ. ವಾಟ್ಸಾಪ್ ಗುಂಪಿನಲ್ಲಿ "ಶನಿವಾರ ಎಲ್ಲರಿಗೂ ಓಕೆನಾ" ಅಂತ ಕೇಳಿದರೆ ಹೆಬ್ಬೆರಳು ಎತ್ತಿದ ಚಿತ್ರ ಐದು ಬರುತ್ತವೆ, ಶನಿವಾರ ಮೂರು ಜನ ಬರುತ್ತಾರೆ. ಔಟರ್ ರಿಂಗ್ ರೋಡಿನ ಕಡೆಯವರು ವಾರದ ದಿನ ಸಂಜೆ ಏಳಕ್ಕೆ ಅಂತ ಇಟ್ಟುಕೊಳ್ಳಬೇಡಿ. ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಎಲ್ಲಕ್ಕಿಂತ ವಾಸಿ, ಜ್ಯಾಮ್ ರೂಮ್ (ಬಾಡಿಗೆಗೆ ಸಿಗುವ ಅಭ್ಯಾಸದ ಕೋಣೆ) ಕೂಡ ಆಗ ಖಾಲಿ ಸಿಗುವ ಸಾಧ್ಯತೆ ಹೆಚ್ಚು.

ಜ್ಯಾಮ್ ರೂಮ್‌ಗೆ ಬಾಡಿಗೆ ಗಂಟೆ ಲೆಕ್ಕ. ಸಾಮಾನ್ಯವಾಗಿ ಡ್ರಮ್ ಸೆಟ್, ಎರಡು ಗಿಟಾರ್ ಆಂಪ್, ಒಂದು ಬೇಸ್ ಆಂಪ್, ಎರಡು ಮೂರು ಮೈಕ್ ಅದರಲ್ಲೇ ಬರುತ್ತವೆ. ಬುಕ್ ಮಾಡುವ ಮುಂಚೆ ಮೂರು ಪ್ರಶ್ನೆ ಕೇಳಿ: ಕೀಬೋರ್ಡ್‌ಗೆ ಸ್ಟ್ಯಾಂಡ್ ಇದೆಯಾ, ಕರೆಂಟ್ ಹೋದರೆ ಜನರೇಟರ್‌ನಲ್ಲಿ ಆಂಪ್ ನಡೆಯುತ್ತಾ, ಜಿಎಸ್‌ಟಿ ಬಿಲ್ ಕೊಡುತ್ತೀರಾ. ಕಂಪನಿ ಖರ್ಚು ಕೊಡುತ್ತದೆ ಅಂತಿದ್ದರೆ ಕೊನೆಯ ಪ್ರಶ್ನೆಯೇ ಮುಖ್ಯ. ಬಿಲ್ಲಿಲ್ಲದೆ ಫೈನಾನ್ಸ್‌ನವರು ಒಂದು ರೂಪಾಯಿ ಬಿಡುವುದಿಲ್ಲ. ಕೈಯಿಂದ ಹಾಕುವುದಾದರೆ ಬಾಡಿಗೆಯನ್ನು ಸಮನಾಗಿ ಹಂಚಿ, ಬಾರದವರೂ ಕೊಡಬೇಕು. ಈ ಒಂದು ನಿಯಮದಿಂದ ಹಾಜರಿ ತಾನಾಗಿಯೇ ಸುಧಾರಿಸುತ್ತದೆ.

ಹಾಡು ಆರಿಸುವುದು

25 ನಿಮಿಷಕ್ಕೆ ಐದು ಹಾಡು. ಒಂದೊಂದು ಸರಾಸರಿ ನಾಲ್ಕು ನಿಮಿಷ, ನಡುವೆ ಮಾತಿಗೆ, ಶ್ರುತಿಗೆ, ನೀರು ಕುಡಿಯಲು ಅರ್ಧ ಅರ್ಧ ನಿಮಿಷ. ಮೂರು ನಿಮಿಷ ಕೈಯಲ್ಲಿ ಉಳಿಯುತ್ತದೆ. ಆ ಮೂರು ನಿಮಿಷವನ್ನು ನಿಮಗಿಂತ ಮುಂಚಿನ ಭಾಷಣ ತಿಂದುಹಾಕುತ್ತದೆ, ಆರನೇ ಹಾಡು ತುರುಕಲು ಹೋಗಬೇಡಿ.

ಹಾಡು ಆರಿಸುವಾಗ ಗಿಟಾರಿನವರು ಸೋಲೋ ನೋಡುತ್ತಾರೆ. ನೋಡಬೇಕಾದ್ದು ಗಾಯಕರ ಗಂಟಲು. ರಾಕ್ ಹಾಡುಗಳಲ್ಲಿ ಗಂಡಸರ ದನಿಯೂ ತಾರಸ್ಥಾಯಿಯ ತುದಿಗೆ ಹೋಗಿ ಕೂತಿರುತ್ತದೆ. ಕಾರ್ಡ್ ಮೂರೇ ಇದ್ದರೂ ಹಾಡಲು ಹೋದವರಿಗೆ ಎರಡನೇ ಕೋರಸ್‌ನಲ್ಲಿ ಗಂಟಲು ಕಟ್ಟುತ್ತದೆ. ಪ್ರತಿ ಹಾಡಿನ ಅತಿ ಎತ್ತರದ ಸಾಲನ್ನು ಮಾತ್ರ ಗಾಯಕರಿಂದ ಐದು ಸಲ ಬಿಡದೆ ಹಾಡಿಸಿ. ಐದನೆಯ ಸಲವೂ ಸಲೀಸಾಗಿ ಬಂದರೆ ಮೂಲ ಶ್ರುತಿಯಲ್ಲೇ ಇರಲಿ. ಇಲ್ಲದಿದ್ದರೆ ಇಳಿಸಿ, ಅದರಲ್ಲಿ ಅವಮಾನ ಏನಿಲ್ಲ.

ಏರಿಸುವುದಾದರೆ ಕೇಪೋ, ಅಂದರೆ ಗಿಟಾರಿನ ಕುತ್ತಿಗೆಗೆ ಹಾಕುವ ಕ್ಲಿಪ್, ಸಾಕು. ಮೂಲ ಹಾಡು ಜಿ ಮೇಜರ್, ಹಾಡುವವರಿಗೆ ಮೂರು ಅರ್ಧಸ್ವರ ಮೇಲೆ ಬೇಕು ಅನ್ನಿ. ಮೂರನೇ ಫ್ರೆಟ್ಟಿಗೆ (ಕುತ್ತಿಗೆಯ ಮೇಲಿನ ಅಡ್ಡಪಟ್ಟಿ) ಕೇಪೋ ಹಾಕಿ ಅದೇ ಜಿ ಆಕಾರಗಳನ್ನು (ಬೆರಳಿಡುವ ರೀತಿ) ಹಿಡಿದರೆ ಬಿ ಫ್ಲ್ಯಾಟ್ ಬರುತ್ತದೆ. ಬೇಸ್‌ನವರಿಗೆ ಕೇಪೋ ಇಲ್ಲ, ಅವರು ನೇರವಾಗಿ ಬಿ ಫ್ಲ್ಯಾಟ್ ನುಡಿಸಬೇಕು. ಅದು ಎ ತಂತಿಯ ಒಂದನೇ ಫ್ರೆಟ್. ಗಿಟಾರಿನವರ ಕೈ ನೋಡಿಕೊಂಡು ನುಡಿಸುವ ಅಭ್ಯಾಸ ಇರುವ ಬೇಸ್‌ನವರು ಇಲ್ಲಿ ಖಂಡಿತ ಎಡವುತ್ತಾರೆ. ಇಳಿಸಲು ಕೇಪೋ ಒಂದರಿಂದಲೇ ಆಗದು, ಆಕಾರವನ್ನೇ ಬದಲಿಸಬೇಕು: ಜಿ ಇಂದ ಇ ಗೆ ಇಳಿಸಲು ಡಿ ಆಕಾರಗಳು, ಕೇಪೋ ಎರಡನೇ ಫ್ರೆಟ್ಟಿಗೆ.

ಅರ್ಧಸ್ವರ ಇಳಿಸಿ ಶ್ರುತಿ ಮಾಡಿದ ಹಾಡುಗಳದ್ದು ಬೇರೆ ಗೊಂದಲ. ಗನ್ಸ್ ಎನ್ ರೋಸಸ್‌ನವರ 1987ರ ಮೊದಲ ಆಲ್ಬಮ್ ಹಾಗೇ ಇದೆ. ರೆಕಾರ್ಡ್ ಹಾಕಿಕೊಂಡು ಜೊತೆಗೆ ನುಡಿಸಿದರೆ ಎಲ್ಲ ಸರಿ ಹಿಡಿದರೂ ಅಪಶ್ರುತಿ ಯಾಕೆ ಅಂತ ತಲೆ ಕೆರೆದುಕೊಳ್ಳುತ್ತೀರಿ. ಐದರಲ್ಲಿ ಎರಡು ಹಾಡು ಇಂಥವಿದ್ದರೆ ವೇದಿಕೆಯ ಮೇಲೆ ಆರು ತಂತಿ ಮತ್ತೆ ಮತ್ತೆ ತಿರುವುವುದು ಆಗದ ಮಾತು. ಗಿಟಾರ್, ಬೇಸ್ ಎರಡನ್ನೂ ಇಡೀ ಕಾರ್ಯಕ್ರಮಕ್ಕೆ ಅರ್ಧಸ್ವರ ಇಳಿಸಿಬಿಡಿ, ಮಾಮೂಲು ಶ್ರುತಿಯ ಹಾಡು ಬಂದಾಗ ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ. ಬೇಸ್‌ನವರು ಆ ಹಾಡುಗಳಲ್ಲಿ ಒಂದು ಫ್ರೆಟ್ ಮೇಲೆ ಸರಿಯಲಿ. ಕೀಬೋರ್ಡ್‌ನವರು ಇಳಿದ ಹಾಡಿಗೆ ಶ್ರುತಿ ಏರಿಳಿಸುವ ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ ಒಂದಕ್ಕೆ ಇಡುತ್ತಾರೆ, ಮುಂದಿನ ಹಾಡಿಗೆ ಅದನ್ನು ಸೊನ್ನೆಗೆ ತರಲು ಮರೆಯುತ್ತಾರೆ. ಮರೆತೇ ಮರೆಯುತ್ತಾರೆ. ಹಾಡಿನ ಪಟ್ಟಿಯಲ್ಲಿ ಆ ಮುಂದಿನ ಹಾಡಿನ ಪಕ್ಕ ಕೆಂಪು ಶಾಯಿಯಲ್ಲಿ "0" ಅಂತ ಬರೆದು ಕೀಬೋರ್ಡಿಗೇ ಅಂಟಿಸಿ.

ನವೆಂಬರ್ ಹತ್ತಿರ ಇದ್ದರೆ ಕನಿಷ್ಠ ಎರಡು ಕನ್ನಡ ಹಾಡು ಸೇರಿಸಿ. ಹಿಂದಿನ ಸಾಲಿನಲ್ಲಿ ನಿಂತ ಸೆಕ್ಯುರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಂಟೀನ್‌ನವರು ಜೊತೆಗೆ ಹಾಡುವುದು ಅವಕ್ಕೇ. ಶಿಶುನಾಳ ಷರೀಫರ ತತ್ವಪದಗಳು ರಾಕ್‌ಗೆ ಚೆನ್ನಾಗಿ ಒಗ್ಗುತ್ತವೆ, ರಘು ದೀಕ್ಷಿತ್ ಅದನ್ನು ತೋರಿಸಿಕೊಟ್ಟಿದ್ದಾರೆ. ಪಲ್ಲವಿ ಪದೇಪದೇ ತಿರುಗಿ ಬರುತ್ತದೆ, ನಡೆ ನೇರ, ಹಿಡಿದು ಕುಣಿಯಲು ಬರುತ್ತದೆ. ಸಿನಿಮಾ ಹಾಡಾದರೆ ಪಿಟೀಲುಗಳ ಬಿಜಿಎಂ ಅನ್ನು ಗಿಟಾರಿಗೆ ತರಲು ಒದ್ದಾಡಬೇಡಿ. ಎಂಟು ಬಾರ್‌ನ (ಎಂಟು ಆವರ್ತದ) ರಿಫ್, ಅಂದರೆ ತಿರುಗಿ ತಿರುಗಿ ಬರುವ ಗಿಟಾರ್ ತುಣುಕು, ಒಂದನ್ನು ಆ ಜಾಗದಲ್ಲಿಟ್ಟರೆ ಮುಗಿಯಿತು.

ಹಕ್ಕಿನ ವಿಷಯವನ್ನೂ ಇಲ್ಲೇ ಮುಗಿಸೋಣ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು, ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಕ್ಲಬ್ ಅಥವಾ ಸಂಘ ಹಾಡುವುದಕ್ಕೆ ವಿನಾಯಿತಿ ಕೊಡುತ್ತದೆ. ನಿಮ್ಮ ಕಾರ್ಯಕ್ರಮ ಅದರೊಳಗೆ ಬರುತ್ತದೆಯೇ ಅಂತ ಕಂಪನಿಯ ಲೀಗಲ್‌ನವರನ್ನು ಒಂದು ಮಾತು ಕೇಳಿ. ಟಿಕೆಟ್ ಇಟ್ಟರೆ ಆ ವಿನಾಯಿತಿ ಇಲ್ಲ, ಲೈಸೆನ್ಸ್ ಬೇಕು. ರಚನೆಗಳ ಸಾರ್ವಜನಿಕ ಪ್ರಯೋಗಕ್ಕೆ ಲೈಸೆನ್ಸ್ ಕೊಡುವುದು ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ). ವಿಡಿಯೊವನ್ನು ಅಂತರ್ಜಾಲಕ್ಕೆ ಹಾಕುವುದೂ ಬೇರೆಯೇ ಮಾತು. ಷರೀಫರು ತೀರಿಕೊಂಡದ್ದು 1889ರಲ್ಲಿ, ಪದಗಳು ಎಲ್ಲರವು. ಸಿ. ಅಶ್ವಥ್ ಹಾಕಿದ ರಾಗಸಂಯೋಜನೆ ಹಾಗಲ್ಲ. ನಮ್ಮಲ್ಲಿ ಹಕ್ಕು ಕರ್ತೃವಿನ ಜೀವಿತಾವಧಿ ಮತ್ತು ಅದರ ಮೇಲೆ 60 ವರ್ಷ, ಅಶ್ವಥ್ ತೀರಿಕೊಂಡದ್ದು 2009ರಲ್ಲಿ.

ನಕ್ಷೆ ಬರೆಯುವುದು

ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾದವರನ್ನು ಗಮನಿಸಿ. ಅಭ್ಯಾಸವೇ ಇಲ್ಲದೆ ಮೂರು ಗಂಟೆ ಎಳೆಯುತ್ತಾರೆ, ಎದುರಿಗೆ ಒಂದು ಬೈಂಡು ಮಾಡಿದ ನೋಟ್‌ಬುಕ್ಕು. ಅದರಲ್ಲಿ ಸಾಹಿತ್ಯಕ್ಕಿಂತ ಮುಖ್ಯವಾಗಿ ಯಾವ ಬಿಟ್ ಎಷ್ಟು ಸಲ ಅಂತ ಇರುತ್ತದೆ. ಅಂತರ್ಜಾಲದಲ್ಲಿ ಸಿಗುವ ಕಾರ್ಡ್ ಹಾಳೆಯಲ್ಲಿ ಈ ಲೆಕ್ಕವೇ ಇರುವುದಿಲ್ಲ. ಹಾಡಿನ ಯಜಮಾನರು ರೆಕಾರ್ಡ್ ಕೇಳುತ್ತಾ ಬಾರ್ ಎಣಿಸಿ ಒಂದೇ ಪುಟದಲ್ಲಿ ಬರೆಯಬೇಕು. ಬಾರ್ ಅಂದರೆ ಒಂದು ಆವರ್ತ, ಹೆಚ್ಚಿನ ರಾಕ್ ಹಾಡುಗಳಲ್ಲಿ ನಾಲ್ಕು ಎಣಿಕೆ. ಮಾದರಿಗೆ ಒಂದು ನಕ್ಷೆ ಹೀಗಿರುತ್ತದೆ (ವರ್ಸ್ ಅಂದರೆ ಚರಣ):

ವೇಗ 120 (ನಿಮಿಷಕ್ಕೆ 120 ಎಣಿಕೆ). ಕೀ: ಇ ಮೈನರ್. ಡ್ರಮ್ ಕೋಲು ನಾಲ್ಕು ಏಟು.
ಶುರು: 4 ಬಾರ್ ಗಿಟಾರ್ ಒಂದೇ, 4 ಬಾರ್ ಎಲ್ಲರೂ.
ವರ್ಸ್ 1: 16 ಬಾರ್. ಎರಡನೇ ಗಿಟಾರ್ ಇಲ್ಲ.
ಕೋರಸ್: 8 ಬಾರ್.
ರಿಫ್: 4 ಬಾರ್.
ವರ್ಸ್ 2: 8 ಬಾರ್ ಮಾತ್ರ (ಅರ್ಧ!).
ಕೋರಸ್: 8 ಬಾರ್.
ಸೋಲೋ: 16 ಬಾರ್, ವರ್ಸ್‌ನ ಕಾರ್ಡ್‌ಗಳ ಮೇಲೆ. ಕೊನೆಯ 2 ಬಾರ್ ಡ್ರಮ್ ರೋಲ್.
ತಗ್ಗು: 8 ಬಾರ್, ಬೇಸ್ ಮತ್ತು ದನಿ ಮಾತ್ರ.
ಕೋರಸ್: 8 + 8. ಕೊನೆಗೆ ಇ ಮೈನರ್ ಒಂದೇ ಏಟು, ಎಲ್ಲರೂ ಕೈ ಇಟ್ಟು ಮುಚ್ಚಿ.

"ಅರ್ಧ!" ಅನ್ನುವ ಆ ಒಂದು ಗುರುತು ನೋಡಿ. ಎರಡನೇ ವರ್ಸ್ ಮೊದಲನೆಯದರ ಅರ್ಧ ಇರುವ ಹಾಡುಗಳು ಬಹಳ. ಮೂವರು ಕೋರಸ್‌ಗೆ ಹೋಗಿ ಇಬ್ಬರು ವರ್ಸ್‌ನಲ್ಲೇ ಉಳಿಯುವುದು ಅಲ್ಲೇ.

ಇನ್ನು ಮುಕ್ತಾಯ. ರೆಕಾರ್ಡ್‌ನಲ್ಲಿ ದನಿ ಕ್ರಮೇಣ ಕರಗುತ್ತಾ ಹೋಗುವ ಹಾಡಿಗೆ ವೇದಿಕೆಯಲ್ಲಿ ಕೊನೆಯೇ ಇಲ್ಲ. ಈಗಲ್ಸ್‌ನವರ 'ಹೋಟೆಲ್ ಕ್ಯಾಲಿಫೋರ್ನಿಯಾ' ನಮ್ಮಲ್ಲಿ ಗಿಟಾರ್ ಹಿಡಿದವರೆಲ್ಲ ಒಮ್ಮೆ ಮುಟ್ಟುವ ಹಾಡು, ಅದೂ ಇಂಥದ್ದೇ. ಆಲ್ಬಮ್‌ನಲ್ಲಿ ಆರೂವರೆ ನಿಮಿಷ, ನಿಮ್ಮ ಸ್ಲಾಟಿನ ಕಾಲು ಭಾಗಕ್ಕಿಂತ ಜಾಸ್ತಿ. ಎಂಟು ಕಾರ್ಡ್‌ಗಳ ಸುತ್ತು, ಬಿ ಮೈನರ್‌ನಲ್ಲಿ ಶುರುವಾಗಿ ಎಫ್ ಶಾರ್ಪ್‌ನಲ್ಲಿ ನಿಲ್ಲುತ್ತದೆ. ವೇಗ ಸುಮಾರು 75, ಅಂದರೆ ಒಂದು ಸುತ್ತಿಗೆ 26 ಸೆಕೆಂಡಿನಷ್ಟು. ಕೊನೆಯಲ್ಲಿ ಇಬ್ಬರು ಗಿಟಾರಿನವರೂ ಜೋಡಿಯಾಗಿ ನುಡಿಸುವ ಭಾಗಕ್ಕೆ ಎರಡೇ ಸುತ್ತು ಅಂತ ಗೆರೆ ಎಳೆಯಿರಿ. ಎರಡನೇ ಸುತ್ತಿನ ಎಫ್ ಶಾರ್ಪ್ ಬಂದಾಗ ಡ್ರಮ್ಮರ್ ವೇಗ ಎಳೆದು ನಿಧಾನಿಸಲಿ, ಮುಂದಿನ ಒಂದನೇ ಎಣಿಕೆಗೆ ಎಲ್ಲರೂ ಬಿ ಮೈನರ್ ಹೊಡೆದು ಬಿಟ್ಟುಬಿಡಲಿ. ಎಫ್ ಶಾರ್ಪ್‌ಗೆ ಬಿ ಮೈನರ್ ಕಡೆ ಎಳೆಯುವ ಗುಣ ಇದೆ, ಕಿವಿ ಅದನ್ನೇ ಕಾಯುತ್ತಿರುತ್ತದೆ. ಹಾಗಾಗಿ ಕೇಳುವವರಿಗೆ ಹಾಡು ಮುಗಿಯಿತು ಅಂತ ಯಾರೂ ಹೇಳಬೇಕಿಲ್ಲ, ಚಪ್ಪಾಳೆ ತಾನಾಗಿ ಬರುತ್ತದೆ. ಎಫ್ ಶಾರ್ಪ್‌ನಲ್ಲೇ ನಿಲ್ಲಿಸಿ ನೋಡಿ, ಜನ ಇನ್ನೇನೋ ಇದೆ ಅಂತ ಮುಖ ಮುಖ ನೋಡಿಕೊಳ್ಳುತ್ತಾರೆ.

ಜ್ಯಾಮ್ ರೂಮ್‌ನ ಎರಡು ಗಂಟೆ

ಭಾಗ ಕಲಿಯುವುದು ಮನೆಯಲ್ಲಿ. ಜ್ಯಾಮ್ ರೂಮ್‌ಗೆ ಬಂದು ಮೊಬೈಲ್‌ನಲ್ಲಿ ಕಾರ್ಡ್ ಹುಡುಕುವವರಿಗೆ ಉಳಿದ ನಾಲ್ವರು ಬಾಡಿಗೆ ಕಟ್ಟುತ್ತಿರುತ್ತಾರೆ. ಮೊದಲ 15 ನಿಮಿಷ ಜೋಡಣೆ, ಶ್ರುತಿ. ಆಮೇಲಿನ 40 ನಿಮಿಷ ಹೊಸ ಹಾಡು ಒಂದು, ಹೆಚ್ಚೆಂದರೆ ಎರಡು. ಇನ್ನೊಂದು 40 ನಿಮಿಷ ಹಳೆಯದರ ಕೀಲುಗಳು. ಉಳಿದದ್ದರಲ್ಲಿ ಬಂದಷ್ಟು ಹಾಡು ನಿಲ್ಲಿಸದೆ.

ಕೀಲು ಅಭ್ಯಾಸ ಹೀಗೆ: ವರ್ಸ್‌ನ ಕೊನೆಯ ನಾಲ್ಕು ಬಾರ್, ಕೋರಸ್‌ನ ಮೊದಲ ನಾಲ್ಕು ಬಾರ್, ಇಷ್ಟನ್ನೇ ಹತ್ತು ಸಲ. 120 ವೇಗದಲ್ಲಿ ಎಂಟು ಬಾರ್‌ಗೆ 16 ಸೆಕೆಂಡು, ಹತ್ತು ಸಲಕ್ಕೆ ಮೂರು ನಿಮಿಷವೂ ಆಗುವುದಿಲ್ಲ. ಇಡೀ ಹಾಡನ್ನು ಹತ್ತು ಸಲ ನುಡಿಸಿದರೆ 40 ನಿಮಿಷ ಹೋಗುತ್ತದೆ, ತಪ್ಪು ಅಲ್ಲೇ ಉಳಿಯುತ್ತದೆ.

ವೇಗ ಎಲ್ಲ ಬ್ಯಾಂಡಿಗೂ ಏರುತ್ತದೆ, ಕೋರಸ್‌ನಲ್ಲಿ ಇನ್ನೂ ಹೆಚ್ಚು. ಡ್ರಮ್ಮರ್ ಒಂದು ಕಿವಿಗೆ ಇಯರ್‌ಫೋನ್ ಹಾಕಿ ಮೊಬೈಲ್ ಮೆಟ್ರೊನೋಮ್ ಕೇಳಿಕೊಂಡು ಬಾರಿಸಿದರೆ ಆರನೇ ವಾರದ ಹೊತ್ತಿಗೆ ಹತೋಟಿಗೆ ಬರುತ್ತದೆ. ಅದಾಗದಿದ್ದರೆ ಎಣಿಕೆ ಕೊಡುವ ಮುಂಚೆ ಮಾತ್ರ ಎರಡು ಬಾರ್ ಕೇಳಿಸಿಕೊಂಡು ಆಫ್ ಮಾಡಲಿ. ಹಾಡಿನ ಕೋರಸ್ ಅನ್ನು ಮನಸ್ಸಿನಲ್ಲಿ ಗುನುಗಿಕೊಂಡು ಎಣಿಕೆ ಕೊಡುವುದು ಹಳೆಯ ಉಪಾಯ, ಇವತ್ತಿಗೂ ಕೆಲಸ ಮಾಡುತ್ತದೆ.

ಸದ್ದಿನ ಅಳತೆಗೆ ಬುನಾದಿ ಡ್ರಮ್. ಅದಕ್ಕೆ ವಾಲ್ಯೂಮ್ ಗುಂಡಿ ಇಲ್ಲವಲ್ಲ. ಬೇಸ್ ಅನ್ನು ಡ್ರಮ್‌ಗೆ ಸಮ ಇಡಿ, ಗಿಟಾರ್ ಅದಕ್ಕಿಂತ ಒಂದು ಕೂದಲೆಳೆ ಕೆಳಗೆ, ದನಿ ಎಲ್ಲದರ ಮೇಲೆ. ಮನೆಯ ಕೋಣೆಯಲ್ಲಿ ಒಬ್ಬರೇ ನುಡಿಸುವಾಗ ಮಿಡ್ (ನಡುವಿನ ಸ್ವರ) ಇಳಿಸಿ ಬೇಸ್ (ಮಂದ್ರ), ಟ್ರೆಬಲ್ (ತಾರ) ಏರಿಸಿದ ಗಿಟಾರ್ ಭಾರೀ ಅನ್ನಿಸುತ್ತದೆ. ಬ್ಯಾಂಡಿನೊಳಗೆ ಅದೇ ಗಿಟಾರ್ ಮಾಯ. ಕೆಳಗಿನದನ್ನು ಬೇಸ್ ಗಿಟಾರ್ ನುಂಗುತ್ತದೆ, ಮೇಲಿನದನ್ನು ಸಿಂಬಲ್. ಗಿಟಾರ್ ಕೇಳಿಸುವುದು ಮಿಡ್‌ನಲ್ಲಿ, ಸರಿಸುಮಾರು 500ರಿಂದ 2,000 ಹರ್ಟ್ಸ್. ಆಂಪ್‌ನ ಬೇಸ್ ಗುಂಡಿ ಇಳಿಸಿ, ಮಿಡ್ ಏರಿಸಿ, ಗೇನ್ (ಸದ್ದನ್ನು ಒರಟಾಗಿಸುವ ಗುಂಡಿ) ಅನ್ನು ಮನೆಯಲ್ಲಿಟ್ಟುಕೊಳ್ಳುವುದರ ಮುಕ್ಕಾಲಿಗೆ ತನ್ನಿ. ವಾಲ್ಯೂಮ್ ಮುಟ್ಟದೆಯೇ ಎದ್ದು ಬರುತ್ತದೆ. ಆಂಪ್ ನೆಲದ ಮೇಲಿದ್ದರೆ ಸದ್ದು ಮೊಣಕಾಲಿಗೆ ಬಡಿಯುತ್ತದೆ, ಕಿವಿಗೆ ಬರುವುದಿಲ್ಲ. ಕುರ್ಚಿಯ ಮೇಲಿಡಿ, ಇಲ್ಲವೇ ಹಿಂದಕ್ಕೆ ವಾಲಿಸಿ. "ನನಗೆ ನಾನೇ ಕೇಳಿಸ್ತಿಲ್ಲ" ಅನ್ನುವ ಜಗಳ ಅರ್ಧಕ್ಕರ್ಧ ಅಲ್ಲಿಗೇ ನಿಲ್ಲುತ್ತದೆ.

ಕಿವಿಗೆ ಫೋಮ್ ಪ್ಲಗ್ ಹಾಕಿಕೊಳ್ಳಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಾಳಬಹುದು ಅನ್ನುವುದು ಅಮೆರಿಕದ ನಿಯೋಶ್ ಸಂಸ್ಥೆಯ ಮಿತಿ, ಪ್ರತಿ 3 ಡೆಸಿಬೆಲ್ ಏರಿದರೆ ಸಮಯ ಅರ್ಧವಾಗುತ್ತದೆ. 100ಕ್ಕೆ ಬರುವಾಗ ಉಳಿಯುವುದು 15 ನಿಮಿಷ. ಡ್ರಮ್ ಇರುವ ಸಣ್ಣ ಕೋಣೆ ಆ 100ನ್ನು ಸುಲಭವಾಗಿ ಮುಟ್ಟುತ್ತದೆ.

ವೈರು, ಕರೆಂಟು, ತಂತಿ

ಪ್ರತಿಯೊಬ್ಬರೂ ತಮ್ಮ ಕೇಬಲ್ ಎರಡು ತರಬೇಕು, ಒಂದು ಕೆಟ್ಟಾಗ ಇನ್ನೊಂದು. ಗಿಟಾರ್ ಕೇಬಲ್, ಸ್ಪೀಕರ್ ಕೇಬಲ್ ಎರಡಕ್ಕೂ ಒಂದೇ ತರಹದ ಕಾಲಿಂಚಿನ ಜ್ಯಾಕ್ ಇರಬಹುದು, ಒಳಗಿನ ವೈರು ಬೇರೆ. ಗಿಟಾರಿನದರಲ್ಲಿ ತೆಳು ವೈರು, ಸುತ್ತ ಕವಚ. ಅದನ್ನು ಆಂಪ್ ಹೆಡ್‌ನಿಂದ ಸ್ಪೀಕರ್ ಡಬ್ಬಿಗೆ ಹಾಕಿದರೆ ಬಿಸಿಯಾಗಿ ಕರಗಬಹುದು, ಆಂಪ್ ಕೂಡ ಕೈಕೊಡಬಹುದು.

ಗಿಟಾರಿನ ಸದ್ದು ಬದಲಿಸುವ ಪೆಡಲ್‌ಗಳಲ್ಲಿ ಹೆಚ್ಚಿನವಕ್ಕೆ 9 ವೋಲ್ಟ್ ಡಿಸಿ, ನಡುವಿನ ಪಿನ್ ನೆಗೆಟಿವ್. ಮನೆಯಲ್ಲಿ ಬಿದ್ದಿದ್ದ ಬೇರೆ ಯಾವುದೋ 9 ವೋಲ್ಟ್ ಅಡಾಪ್ಟರ್‌ನಲ್ಲಿ ನಡುವೆ ಪಾಸಿಟಿವ್ ಇರಬಹುದು. ಚುಚ್ಚಿದರೆ ಪೆಡಲ್ ಸುಡುವ ಅಪಾಯ ಇದೆ, ಅಡಾಪ್ಟರ್ ಮೇಲಿನ ಚಿತ್ರ ನೋಡಿಯೇ ಹಾಕಿ.

ಗಿಟಾರ್ ಹಿಡಿದು ಹಾಡುವವರ ತುಟಿಗೆ ಮೈಕ್ ತಾಗಿ ಶಾಕ್ ಹೊಡೆಯುವುದು ನಗುವ ವಿಷಯವಲ್ಲ. ಆಂಪ್‌ನ ಅರ್ಥಿಂಗ್ ಕಡಿದಿರುತ್ತದೆ, ಅಥವಾ ಆಂಪ್ ಮತ್ತು ಮಿಕ್ಸರ್ ಬೇರೆ ಬೇರೆ ಕಡೆಯ ಪ್ಲಗ್ಗಿನಲ್ಲಿರುತ್ತವೆ. ಸೌಂಡಿನವರು ಯಾವ ಬೋರ್ಡಿನಿಂದ ಕರೆಂಟ್ ತೆಗೆದಿದ್ದಾರೋ ಅದರಿಂದಲೇ ನಿಮ್ಮ ಆಂಪ್‌ಗಳಿಗೂ ಎಳೆಯಲು ಹೇಳಿ. ನುಡಿಸುವ ಮುಂಚೆ ಮಲ್ಟಿಮೀಟರ್ ಅನ್ನು ಎಸಿಗೆ ಇಟ್ಟು ಒಂದು ಕಡ್ಡಿ ಗಿಟಾರ್ ತಂತಿಗೆ, ಇನ್ನೊಂದು ಮೈಕಿನ ಜಾಲರಿಗೆ ತಾಗಿಸಿ. ಸೊನ್ನೆಯ ಹತ್ತಿರ ಇರಬೇಕು. ಹತ್ತಾರು ವೋಲ್ಟ್ ತೋರಿಸಿದರೆ ಎಲೆಕ್ಟ್ರಿಷಿಯನ್ ಬಂದು ನೋಡುವ ತನಕ ಯಾರೂ ಮುಟ್ಟಬಾರದು. ಗುಂಯ್ ಸದ್ದು ಹೋಗಲಿ ಅಂತ ಮೂರು ಪಿನ್‌ನಲ್ಲಿ ಒಂದನ್ನು ಮುರಿಯುವ ಜಾಣರಿದ್ದಾರೆ. ಸದ್ದು ಹೋಗುತ್ತದೆ, ಜೀವವೂ ಹೋಗಬಹುದು.

ತಂತಿ ಬದಲಿಸುವುದು ಕಾರ್ಯಕ್ರಮಕ್ಕೆ ಎರಡು ದಿನ ಮುಂಚೆ. ಅದೇ ಬೆಳಿಗ್ಗೆ ಹಾಕಿದ ತಂತಿ ಹಾಡಿನ ಮಧ್ಯೆ ಸಡಿಲವಾಗುತ್ತಾ ಶ್ರುತಿ ಇಳಿಯುತ್ತದೆ. ಫ್ಲಾಯ್ಡ್ ರೋಸ್ ತರಹದ ತೇಲುವ ಬ್ರಿಡ್ಜ್ ಇರುವ ಗಿಟಾರ್ ಆದರೆ ಎರಡನೇ ಗಿಟಾರ್ ತರದೆ ವೇದಿಕೆ ಹತ್ತಬೇಡಿ. ಅದರಲ್ಲಿ ಆರು ತಂತಿಗಳ ಎಳೆತ ಒಂದು ಕಡೆ, ಸ್ಪ್ರಿಂಗ್‌ಗಳ ಎಳೆತ ಇನ್ನೊಂದು ಕಡೆ ತೂಗಿಕೊಂಡಿರುತ್ತವೆ. ಒಂದು ತಂತಿ ಕಿತ್ತರೆ ಸ್ಪ್ರಿಂಗ್ ಗೆದ್ದು ಉಳಿದ ಐದರ ಶ್ರುತಿಯೂ ಏರಿಬಿಡುತ್ತದೆ. ಗಿಟಾರಿನ ತಲೆಗೆ ಕಚ್ಚಿಸುವ ಟ್ಯೂನರ್ ಕಂಪನದಿಂದ ಓದುವಂಥದ್ದು, ಪಕ್ಕದಲ್ಲಿ ಬೇಸ್ ಗುಡುಗುತ್ತಿದ್ದರೆ ಅದರ ಸ್ವರವನ್ನೇ ತೋರಿಸೀತು. ವೇದಿಕೆಗೆ ಪೆಡಲ್ ಟ್ಯೂನರ್ ಒಳ್ಳೆಯದು, ಶ್ರುತಿ ಮಾಡುವಾಗ ಸದ್ದೂ ಹೊರಗೆ ಹೋಗುವುದಿಲ್ಲ.

ಕ್ಯಾಫೆಟೇರಿಯಾ

ಒಂದು ವಾರ ಮುಂಚೆ ಫೆಸಿಲಿಟಿಯವರ ಬಳಿ ಹೋಗಿ. ಟೆಕ್ ಪಾರ್ಕಿನ ಗೇಟಿನಲ್ಲಿ ಲ್ಯಾಪ್‌ಟಾಪ್‌ಗೆ ಇರುವ ನಿಯಮವೇ ಗಿಟಾರಿಗೂ. ಒಳಗೆ ಬರುವಾಗ ಬರೆಸದೆ ತಂದದ್ದನ್ನು ರಾತ್ರಿ ಹೊರಗೆ ಬಿಡುವುದಿಲ್ಲ. ವಾಪಸ್ ಹೋಗುವ ಸಾಮಾನು ಅಂತ ಗೇಟ್ ಪಾಸ್ ಮಾಡಿಸಿ, ಗಿಟಾರ್, ಕೀಬೋರ್ಡ್, ಪೆಡಲ್‌ಗಳ ಸೀರಿಯಲ್ ನಂಬರ್ ಸಮೇತ ಪಟ್ಟಿ ಕೊಡಿ. ಡ್ರಮ್ ಬಾಡಿಗೆಯವರ ವ್ಯಾನ್ ನಂಬರ್, ಸರ್ವಿಸ್ ಲಿಫ್ಟ್ ಯಾವಾಗ ಸಿಗುತ್ತದೆ, ಇದನ್ನೂ ಬರೆಸಿ.

ಛಾವಣಿಯ ಪುಟ್ಟ ಸ್ಪೀಕರ್‌ಗಳು ಪ್ರಕಟಣೆ ಓದಲಷ್ಟೇ ಲಾಯಕ್ಕು. ಇನ್ನೂರು ಜನರ ಒಳಾಂಗಣಕ್ಕೆ 12 ಇಂಚಿನ ಎರಡು ಸ್ಪೀಕರ್, ಒಂದೋ ಎರಡೋ ಸಬ್ (ಮಂದ್ರ ಸದ್ದಿನ ಸ್ಪೀಕರ್), 16 ಚಾನೆಲ್ ಮಿಕ್ಸರ್, ನಾಲ್ಕು ಮಾನಿಟರ್ (ನುಡಿಸುವವರ ಕಡೆ ತಿರುಗಿಸಿಟ್ಟ ಸ್ಪೀಕರ್) ಕೇಳಿ. ಸೌಂಡಿನವರಿಗೆ ಮೊದಲೇ ವಾಟ್ಸಾಪ್‌ನಲ್ಲಿ ಪಟ್ಟಿ ಕಳಿಸಿ: ಕಿಕ್‌ಗೆ ಒಂದು ಮೈಕ್, ಬೇಸ್‌ಗೆ ಡಿಐ ಡಬ್ಬಿ (ವಾದ್ಯವನ್ನು ನೇರ ಮಿಕ್ಸರ್‌ಗೆ ಜೋಡಿಸುವಂಥದ್ದು), ಎರಡು ಗಿಟಾರ್ ಆಂಪ್‌ಗೆ ಎರಡು ಮೈಕ್, ಕೀಬೋರ್ಡ್‌ಗೆ ಎರಡು ಡಿಐ, ದನಿಗೆ ಮೂರು ಮೈಕ್. ಸಿಂಬಲ್‌ಗೆ, ಸ್ನೇರ್‌ಗೆ ಮೈಕ್ ಬೇಕಾಗುವುದಿಲ್ಲ. ಗಾಜು, ಗ್ರಾನೈಟ್ ತುಂಬಿದ ಆ ಹಾಲ್‌ನಲ್ಲಿ ಅವು ಹಾಗೇ ಕಿವಿ ಕೊರೆಯುತ್ತವೆ.

ನೆಲ ನೋಡಿಕೊಳ್ಳಿ. ನುಣುಪು ಟೈಲ್ಸ್ ಮೇಲೆ ಕಿಕ್ ಡ್ರಮ್ ಪ್ರತಿ ಏಟಿಗೂ ಒಂದೊಂದು ನೂಲು ಮುಂದಕ್ಕೆ ಜಾರುತ್ತದೆ. ಎರಡನೇ ಹಾಡಿನ ಹೊತ್ತಿಗೆ ಡ್ರಮ್ಮರ್ ಕಾಲು ಚಾಚಿ ಚಾಚಿ ಹೊಡೆಯುತ್ತಿರುತ್ತಾರೆ, ಮೂರನೆಯದಕ್ಕೆ ಪೆಡಲ್ ಕಾಲಿಗೆಟುಕದಷ್ಟು ದೂರ. ಆರಡಿಗೆ ಆರಡಿ ದಪ್ಪ ಕಾರ್ಪೆಟ್ ಹಾಸಿ, ಅದರ ಮೇಲೆ ಡ್ರಮ್ಮರ್‌ನ ಸ್ಟೂಲೂ ಬರಬೇಕು. ಆಗ ಅವರ ತೂಕವೇ ಕಾರ್ಪೆಟ್ ಅನ್ನು ಹಿಡಿದಿಡುತ್ತದೆ. ಕಿಕ್ ಮುಂದೆ ಬಟ್ಟೆ ಸುತ್ತಿದ ಇಟ್ಟಿಗೆ ಒಂದಿಟ್ಟರೆ ಇನ್ನೂ ಭದ್ರ.

ಸೌಂಡ್ ಚೆಕ್‌ಗೆ 40 ನಿಮಿಷ ಕೇಳಿ, 20 ಸಿಗುತ್ತದೆ. ಕ್ರಮ: ಕಿಕ್, ಬೇಸ್, ಗಿಟಾರ್‌ಗಳು, ಕೀಬೋರ್ಡ್, ದನಿ, ಕೊನೆಗೆ ಎಲ್ಲರೂ ಸೇರಿ ಅತಿ ಜೋರಿನ ಕೋರಸ್ ಒಂದು. ಒಬ್ಬರದು ನೋಡುವಾಗ ಉಳಿದವರು ತಂತಿ ಮೀಟಬಾರದು. ಈ ಶಿಸ್ತೊಂದಿದ್ದರೆ 20 ನಿಮಿಷ ಧಾರಾಳ. ಹಾಡುವವರು ಮೈಕಿನ ಉಂಡೆಯನ್ನು ಮುಷ್ಟಿಯಲ್ಲಿ ಹಿಡಿದರೆ ಹಿಂದಿನ ರಂಧ್ರಗಳು ಮುಚ್ಚಿ ಅದು ಸುತ್ತಲಿನ ಸದ್ದನ್ನೆಲ್ಲ ಎಳೆದುಕೊಂಡು ಕೂಗತೊಡಗುತ್ತದೆ. ಕೆಳಗಿನ ಹಿಡಿಕೆಯನ್ನೇ ಹಿಡಿಯಲಿ, ಮಾನಿಟರ್ ಮೈಕಿನ ಬೆನ್ನ ಕಡೆ ಇರಲಿ. ಡಿಜಿಟಲ್ ಮಿಕ್ಸರ್ ಆದರೆ ಚೆಕ್ ಮುಗಿದ ಕೂಡಲೇ ಸೀನ್ (ಗುಂಡಿಗಳ ಆ ಹೊತ್ತಿನ ಜೋಡಣೆ) ಸೇವ್ ಮಾಡಲು ಹೇಳಿ. ಕರೆಂಟ್ ಹೋಗಿ ಜನರೇಟರ್ ಹಿಡಿಯುವ ಆ ಕೆಲವು ಸೆಕೆಂಡಿನಲ್ಲಿ ಮಿಕ್ಸರ್, ಕೀಬೋರ್ಡ್ ಎರಡೂ ಆಫ್ ಆಗಿ ಮತ್ತೆ ಶುರುವಾಗುತ್ತವೆ. ಕೀಬೋರ್ಡಿನ ಟೋನ್, ಟ್ರಾನ್ಸ್‌ಪೋಸ್ ಮೊದಲಿನ ಸ್ಥಿತಿಗೆ ಹೋಗಿರುತ್ತದೆ. ಆ ಹೊತ್ತಿಗೆ ಡ್ರಮ್ಮರ್ ನಿಲ್ಲಿಸದೆ ತಾಳ ಹಿಡಿದಿರಲಿ, ಜನಕ್ಕೆ ಅದೇ ಒಂದು ಮಜಾ.

ಪಟ್ಟಿಯಲ್ಲಿ ಮೊದಲ ಸ್ಥಾನ ನಿದ್ದೆಯಲ್ಲೂ ನುಡಿಸಬಲ್ಲ ಹಾಡಿಗೆ. ಮೊದಲ ಎರಡು ನಿಮಿಷ ಕೈ ನಡುಗುತ್ತದೆ, ಸೌಂಡಿನವರೂ ಇನ್ನೂ ಗುಂಡಿ ತಿರುಗಿಸುತ್ತಿರುತ್ತಾರೆ. ಕಷ್ಟದ್ದು ಮೂರನೆಯದಾಗಿರಲಿ, ಕನ್ನಡದ್ದು ಕೊನೆಗೆ. ಸಮಯ ಕಡಿತವಾದರೆ ಯಾವ ಹಾಡು ಬಿಡಬೇಕು ಅಂತ ಮೊದಲೇ ಗುರುತು ಹಾಕಿ. ಸಾಮಾನ್ಯವಾಗಿ ನಾಲ್ಕನೆಯದು. ತಪ್ಪು ಮಾಡಿದವರು ತಪ್ಪು ಮಾಡಿದ ಮುಖ ಮಾಡಬಾರದು. ದಾರಿ ತಪ್ಪಿದರೆ ಎಲ್ಲರೂ ಹಾಡುವವರ ಹಿಂದೆ ಹೋಗಬೇಕು, ಅವರು ತಪ್ಪಾಗಿ ಕೋರಸ್‌ಗೆ ಹೋಗಿದ್ದರೂ ಸರಿ. ಕಟ್ಟಡದ ಹೊರಗೆ, ಬಯಲಲ್ಲಿ ಕಾರ್ಯಕ್ರಮವಾದರೆ ಧ್ವನಿವರ್ಧಕಕ್ಕೆ ರಾತ್ರಿ 10 ಗಂಟೆಯ ಗಡಿ ಇದೆ. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ಅದು ಸ್ಪಷ್ಟ, ಹಾಗಾಗಿ ನಿಮ್ಮ ಸ್ಲಾಟ್ ಒಂಬತ್ತಕ್ಕೆ ಮುಂಚೆ ಇರುವಂತೆ ನೋಡಿಕೊಳ್ಳಿ.

ಮುಗಿದ ಮೇಲೆ ಸೆಲ್ಫಿಗೆ ಮುಂಚೆ ಕೇಬಲ್ ಸುತ್ತಿ. ಎಲ್ಲರದೂ ಕಪ್ಪು ಕೇಬಲ್ಲೇ. ಪ್ರತಿಯೊಬ್ಬರೂ ಬೇರೆ ಬೇರೆ ಬಣ್ಣದ ಟೇಪ್ ಅಂಟಿಸಿದ್ದರೆ ಸೌಂಡಿನವರ ಡಬ್ಬಿಗೆ ನಿಮ್ಮದು ಹೋಗುವುದಿಲ್ಲ. ಬಂದ ಪಟ್ಟಿ ಹಿಡಿದು ಸಾಮಾನು ಎಣಿಸಿ, ಪಾಸ್‌ಗೆ ಸಹಿ ಹಾಕಬೇಕಾದ ಫೆಸಿಲಿಟಿಯವರು ಊಟ ಮುಗಿಸಿ ಮನೆಗೆ ಹೊರಡುವ ಮುಂಚೆ ಹಿಡಿದುಕೊಳ್ಳಿ.